ಟೀಚರಮ್ಮನ ಪ್ರಕರಣ: ಒಂದು ಧರ್ಮಕೇಂದ್ರ ಕಂಡದ್ದು, ಕಾಣದೆ ಹೋದದ್ದು

ಮರೆವಿನ ಕಾಯಿಲೆಯ ಒಬ್ಬ ವೃದ್ಧೆ ಭಾನುವಾರದ ಪೂಜೆಯಲ್ಲಿ ಬಾಯಿಗಿಟ್ಟ ಪರಮ ಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ ಬಿಲ್ಲೆಯನ್ನು, ಉಗುಳಿದರು. ಕೊಟ್ಟವರನ್ನು ಕೆಟ್ಟದಾಗಿ ಬೈದರು. ಇನ್ನು ಮುಂದೆ ಅವರಿಗೆ ಪ್ರಸಾದ ಕೊಡಬೇಕೆ, ಅವರನ್ನು ಚರ್ಚಿಗೆ ಕರೆತರುವುದೇ ಬೇಡವೆ ಎಂಬ ಪ್ರಶ್ನೆ ನಮ್ಮ ಧರ್ಮಕೇಂದ್ರದ, ಅಂದರೆ ಒಂದು ಚರ್ಚಿಗೆ ಸೇರಿದ ಕಥೋಲಿಕ ಸಮುದಾಯದ, ಮುಂದೆ ಬಂತು. ಈ ಪ್ರಕರಣದಲ್ಲಿ ಏನೇನಾಯಿತು, ಯಾರು ಏನೆಂದುಕೊಂಡರು, ಕೊನೆಗೆ ಏನು ತೀರ್ಮಾನವಾಯಿತು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನಾನು ನಿವೃತ್ತ ನರ್ಸ್. ಹಾಸಿಗೆ ಹಿಡಿದವರ, ಮನೆಯಿಂದ ಹೊರಬರಲಾಗದವರ ಬಳಿಗೆ ಪರಮ ಪ್ರಸಾದ ಕೊಂಡೊಯ್ಯುವ ಸೇವೆಯನ್ನು ಧರ್ಮಕೇಂದ್ರ ನನಗೆ ಒಪ್ಪಿಸಿದೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು ಬಿಟ್ಟಿದ್ದೇನೆ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ, ಅಂದರೆ ಈ ಮರೆವಿನ ಕಾಯಿಲೆ, ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಪ್ರತಿ ಧರ್ಮಕೇಂದ್ರದಲ್ಲೂ ಇಂಥ ಮನೆಗಳಿವೆ. ಬಾಗಿಲು ಹಾಕಿಕೊಂಡಿರುತ್ತವೆ, ಅಷ್ಟೇ.

ಹಿನ್ನೆಲೆ

ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಇಳಿಜಾರಿನಲ್ಲಿ ದೂರ ದೂರ ಮನೆಗಳು. ಮಲೆನಾಡಿನ ಕ್ರೈಸ್ತರು ಒಂದೇ ಕಡೆಯಿಂದ ಬಂದವರಲ್ಲ. ತೋಟದ ಬದುಕು ಅರಸಿ ಘಟ್ಟ ಹತ್ತಿ ಬಂದ ಕೊಂಕಣಿ ಮನೆತನಗಳಿವೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ, ಆಮೇಲೆ ಶರಾವತಿಯ ವಿದ್ಯುತ್ ಯೋಜನೆಗೆ ದುಡಿಯಲು ಬಂದ ತಮಿಳು ಕುಟುಂಬಗಳಿವೆ. ರಬ್ಬರ್ ಹಾಕಿದ ಮಲಯಾಳಿಗಳಿದ್ದಾರೆ. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ) ಪ್ರತ್ಯೇಕವಾಯಿತು. ನಮ್ಮ ಧರ್ಮಕೇಂದ್ರದಲ್ಲಿ ಮನೆಯ ಮಾತು ಯಾವುದೇ ಇರಲಿ, ಪೂಜೆ ನಡೆಯುವುದು ಕನ್ನಡದಲ್ಲಿ.

ಈ ಪ್ರಕರಣದ ವೃದ್ಧೆ ಕೊಂಕಣಿ ಮನೆಯವರು, ವಯಸ್ಸು ಎಪ್ಪತ್ತೈದರ ಆಸುಪಾಸು. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅದಕ್ಕಿಂತ ಹೆಚ್ಚಾಗಿ, ಮೊದಲ ಪರಮ ಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಭಾನುವಾರದ ತರಗತಿಯನ್ನು ಹಲವು ದಶಕ ನಡೆಸಿದವರು. ಇವತ್ತು ನಮ್ಮ ಪಾಲನಾ ಪರಿಷತ್ತಿನಲ್ಲಿ (ಧರ್ಮಕೇಂದ್ರದ ಸಲಹಾ ಮಂಡಳಿಯಲ್ಲಿ) ಕೂರುವ ಅರ್ಧಕ್ಕರ್ಧ ಜನ ಅವರ ಕೈಯಲ್ಲೇ ಪ್ರಾರ್ಥನೆ ಕಲಿತವರು. ಕ್ರೈಸ್ತರು, ಹಿಂದೂಗಳು ಎನ್ನದೆ ಇಡೀ ಊರು ಅವರನ್ನು ಟೀಚರಮ್ಮ ಎಂದೇ ಕರೆಯುತ್ತದೆ. ನಾನೂ ಹಾಗೇ ಕರೆಯುತ್ತೇನೆ.

ಟೀಚರಮ್ಮ ಎಂದರೆ ಇಸ್ತ್ರಿ ಮಾಡಿದ ಹತ್ತಿ ಸೀರೆ, ತಲೆಯ ಮೇಲೆ ಸೆರಗು, ಎಡಗಡೆಯ ಎರಡನೇ ಬೆಂಚು, ಏರದ ದನಿ. ಅವರ ಯಜಮಾನರು ಪಾಲನಾ ಪರಿಷತ್ತಿನ ಉಪಾಧ್ಯಕ್ಷರಾಗಿದ್ದವರು. ಗಂಟೆಗೋಪುರ ಕಟ್ಟಿಸಲು ದೊಡ್ಡ ಮೊತ್ತ ಕೊಟ್ಟವರು. ಗೋಪುರದ ಬುಡದಲ್ಲಿ ಅವರ ಹೆಸರಿನ ಅಮೃತಶಿಲೆಯ ಫಲಕವಿದೆ. ಅವರು ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಮನೆಯಲ್ಲಿ ಈಗ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ತೋಟದ ಕೆಲಸಕ್ಕೆ ಚಿಕ್ಕಂದಿನಿಂದ ಬರುತ್ತಿರುವ ಒಬ್ಬ ದೀವರ ಸಮುದಾಯದ ಹೆಂಗಸೇ ಈಗ ಟೀಚರಮ್ಮನಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು.

ಕಾಯಿಲೆ ಎಲ್ಲರ ಮನೆಯಲ್ಲಿ ಬರುವಂತೆಯೇ ಬಂತು. ಹಾಲು ಒಲೆಯ ಮೇಲಿಟ್ಟು ಮರೆಯುವುದು, ಕೇಳಿದ್ದನ್ನೇ ಕೇಳುವುದು, ಅಡಿಕೆ ಮಾರಿದ ದುಡ್ಡನ್ನು ಎಲ್ಲೋ ಇಟ್ಟು ಕೆಲಸದವರ ಮೇಲೆ ಅನುಮಾನ ಪಡುವುದು. ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸುಮ್ಮನಾದರು. ಆಮೇಲೆ ಕನ್ನಡ ಜಾರತೊಡಗಿತು. ಮೂವತ್ತು ವರ್ಷ ಕನ್ನಡದಲ್ಲೇ ಪಾಠ ಹೇಳಿದ ಬಾಯಿಗೆ ಕನ್ನಡದ ಮಾತು ಸಿಗದಾಗಿ ಕೊಂಕಣಿಯೊಂದೇ ಉಳಿಯಿತು. ಈ ಕಾಯಿಲೆಯಲ್ಲಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ. ಆಮೇಲೆ ಕಲಿತ ಭಾಷೆ ಬಿಟ್ಟುಹೋಗಿ ತಾಯಿಮಾತು ಉಳಿಯುವುದನ್ನು ಹಲವರಲ್ಲಿ ನೋಡಿದ್ದೇನೆ. ಟೀಚರಮ್ಮನಲ್ಲಿ ಅದರ ತಳದಲ್ಲಿ ಇನ್ನೊಂದು ಪದರವೂ ಇತ್ತು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಆಯಾ ನಾಡಿನ ಮಾತಿನಲ್ಲಿ ಪೂಜೆ ಮಾಡಲು ದಾರಿ ತೆರೆಯುವ ಮೊದಲು ಬಾಲ್ಯ ಕಳೆದವರು ಅವರು. ಅಕ್ಕಿ ಆರಿಸುತ್ತಾ ಕೂತಾಗ ‘ತಾಂತುಂ ಎರ್ಗೊ’ ಎಂಬ ಲ್ಯಾಟಿನ್ ಸ್ತುತಿಗೀತೆ ರಾಗದ ಸಮೇತ ಬರುತ್ತಿತ್ತು.

ಆ ಭಾನುವಾರ

ಆಗಸ್ಟ್ ತಿಂಗಳು, ಜಡಿಮಳೆ. ಪ್ರಸಾದ ಹಂಚಲು ಗುರುಗಳ ಜೊತೆ ಒಬ್ಬ ಹಿರಿಯರೂ ನಿಂತಿದ್ದರು. ಎತ್ತರದ ಆಳು, ದಪ್ಪ ಬಿಳಿ ಮೀಸೆ, ಬಿಳಿ ಅಂಗಿ. ಊರಿನಲ್ಲಿ ಒಳ್ಳೆಯ ಹೆಸರಿರುವವರು, ನಿಜಕ್ಕೂ ಒಳ್ಳೆಯವರು. ಸೊಸೆ ಅತ್ತೆಯ ಕೈ ಹಿಡಿದು ಅವರ ಸಾಲಿನಲ್ಲಿ ಕರೆದುಕೊಂಡು ಹೋದಳು. ಟೀಚರಮ್ಮನಿಗೆ ಬಾಯಿ ತೆರೆಯುವುದು ತೋಚಲಿಲ್ಲ. ಆ ಹಿರಿಯರು ಸ್ವಲ್ಪ ಬಗ್ಗಿ, ಗಟ್ಟಿಯಾಗಿ “ಕ್ರಿಸ್ತರ ಶರೀರ” ಎಂದು ಹೇಳಿ ನಾಲಿಗೆಯ ಮೇಲಿಟ್ಟರು. ಟೀಚರಮ್ಮ ಕೂಡಲೇ ಉಗುಳಿದರು. ಕೈ ಬೀಸಿದರು. ಕೊಂಕಣಿಯಲ್ಲಿ ಕೂಗಿದರು, ಅದರಲ್ಲಿ ಒಂದು ಮಾತು, ಟೀಚರಮ್ಮನ ಬಾಯಲ್ಲಿ ಯಾರೂ ಎಂದೂ ಕೇಳದ ಬೈಗುಳ.

ಹಿರಿಯರು ಬಗ್ಗಿ ನೆಲದಲ್ಲಿ ಬಿದ್ದದ್ದನ್ನು ಎತ್ತಿಕೊಂಡರು. ಅದನ್ನು ಪದ್ಧತಿಯಂತೆ ನೀರಿನಲ್ಲಿ ಕರಗಲು ಬಿಟ್ಟು, ಆಮೇಲೆ ಮಣ್ಣಿಗೆ ಸೇರುವಂತೆ ಸುರಿಯಲಾಯಿತು. ಕಥೋಲಿಕರಲ್ಲದ ಓದುಗರಿಗೆ ಇದು ಇಷ್ಟೊಂದು ದೊಡ್ಡ ವಿಷಯವೇಕೆ ಎನಿಸಬಹುದು. ಆ ಅಪ್ಪ (ರೊಟ್ಟಿ) ಯೇಸುಸ್ವಾಮಿಯ ಶರೀರವೆಂದು ನಂಬುವವರು ನಾವು. ಕಲಿಸುವಾಗ ಟೀಚರಮ್ಮನೇ ಅದನ್ನು ನಮ್ಮ ಮಕ್ಕಳಿಗೆ ಎಷ್ಟು ಭಯಭಕ್ತಿಯಿಂದ ಹೇಳುತ್ತಿದ್ದರೆಂದರೆ, ಅವರೇ ಉಗುಳಿದ್ದು ನೋಡಿ ಕೆಲವರು ಅತ್ತರು.

ಆ ವಾರವಿಡೀ ಊರಿನಲ್ಲಿ ಇದೇ ಮಾತು. ದೆವ್ವ ಹೊಕ್ಕಿದೆ ಎಂದವರಿದ್ದರು. ಇಷ್ಟು ವರ್ಷದ ಭಕ್ತಿಯೆಲ್ಲ ಮೇಲುಮೇಲಿನದ್ದು, ಈಗ ಒಳಗಿನದ್ದು ಹೊರಗೆ ಬರುತ್ತಿದೆ ಎಂದವರೂ ಇದ್ದರು. ನನಗೆ ಈ ಎರಡನೆಯ ಮಾತು ಮೊದಲಿನದಕ್ಕಿಂತ ಕ್ರೂರ ಎನಿಸಿತು. ಸಂಬಂಧಿಕರೊಬ್ಬರು ಟೀಚರಮ್ಮನನ್ನು ಬೇರೆ ಊರಿನ ಒಂದು ಪ್ರಾರ್ಥನಾ ಕೂಟಕ್ಕೆ ಕರೆದೊಯ್ದರು. ಅಲ್ಲಿ ಯಾರೋ ತಲೆ ಮೇಲೆ ಕೈಯಿಟ್ಟು, ಬಿಟ್ಟುಹೋಗು ಎಂದು ಅಬ್ಬರಿಸಿದರಂತೆ. ಮನೆಗೆ ಬಂದ ಮೇಲೆ ಅವರು ಎರಡು ದಿನ ಮಂಚದ ಕೆಳಗೆ ಕೂರಲು ನೋಡುತ್ತಿದ್ದರು. ಧರ್ಮಸಭೆಯ ನಿಯಮ ಇಲ್ಲಿ ಸ್ಪಷ್ಟವಾಗಿದೆ: ಧರ್ಮಾಧ್ಯಕ್ಷರ (ಬಿಷಪ್ಪರ) ವಿಶೇಷ ಅನುಮತಿ ಇಲ್ಲದೆ ಯಾರೂ ಭೂತೋಚ್ಚಾಟನೆ ಮಾಡುವಂತಿಲ್ಲ, ಕಾಯಿಲೆ, ಅದರಲ್ಲೂ ಮನಸ್ಸಿನ ಕಾಯಿಲೆ, ವೈದ್ಯರಿಗೆ ಸೇರಿದ ವಿಷಯ. ಇದನ್ನು ನಮ್ಮ ಜನರಿಗೆ ಪೀಠದಿಂದಲೇ ಹೇಳಬೇಕಾದ ಕಾಲ ಬಂದಿದೆ.

ಮೊದಲು ವೈದ್ಯರ ಬಳಿಗೆ

ಗುರುಗಳು ಚಿತ್ರದುರ್ಗ ಕಡೆಯ ಯುವಕರು, ಕೊಂಕಣಿ ಬಾರದವರು. ಅವರು ನನ್ನನ್ನು ಕರೆದು, “ಸಿಸ್ಟರ್, ನೀವು ಒಮ್ಮೆ ನೋಡಿಕೊಂಡು ಬನ್ನಿ. ಅಲ್ಲೀವರೆಗೆ ಯಾರ ಮಾತಿಗೂ ನಾನು ಉತ್ತರ ಕೊಡೋದಿಲ್ಲ” ಎಂದರು. ಆಸ್ಪತ್ರೆಯ ಅಭ್ಯಾಸದಿಂದ ನನ್ನನ್ನು ಎಲ್ಲರೂ ಈಗಲೂ ಸಿಸ್ಟರ್ ಎನ್ನುತ್ತಾರೆ.

ನಾನು ಮನೆಯವರಿಗೆ ಕೇಳಿದ ಮೊದಲ ಪ್ರಶ್ನೆ, ಇದು ನಿಧಾನವಾಗಿ ಹೆಚ್ಚಿದ್ದೋ, ಇದ್ದಕ್ಕಿದ್ದಂತೆ ಹೆಚ್ಚಿದ್ದೋ ಎಂದು. ಮರೆವು ವರ್ಷಗಳಿಂದ ಇತ್ತು. ಕೂಗಾಟ, ರಾತ್ರಿ ನಿದ್ದೆಗೆಟ್ಟು ಓಡಾಡುವುದು ಆ ಹತ್ತು ದಿನದ್ದು. ಡಿಮೆನ್ಶಿಯಾ ಇರುವವರ ವರ್ತನೆ ಹೀಗೆ ದಿನಗಳಲ್ಲಿ ಬದಲಾದರೆ ಹಿಂದೆ ಬೇರೇನೋ ಇರುವ ಸಾಧ್ಯತೆ ಹೆಚ್ಚು: ಮೂತ್ರದ ಸೋಂಕು, ಮಲಬದ್ಧತೆ, ನೋವು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಕಾಣಿಸದಿರಬಹುದು. ಶಿವಮೊಗ್ಗಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಿದಾಗ ಮೂತ್ರದ ಸೋಂಕು ಇತ್ತು, ಬಿ12 ವಿಟಮಿನ್ ಕಡಿಮೆ ಇತ್ತು. ತಲೆಯ ಸ್ಕ್ಯಾನ್ ನೋಡಿ, ಮಾತಾಡಿಸಿ, ಡಿಮೆನ್ಶಿಯಾ ಎಂದು ವೈದ್ಯರು ಖಚಿತಪಡಿಸಿದರು.

ಔಷಧಿಯ ಒಂದು ಸುತ್ತು ಮುಗಿಯುವಷ್ಟರಲ್ಲಿ ಕೂಗಾಟ ಬಹುಮಟ್ಟಿಗೆ ಇಳಿಯಿತು. ದೆವ್ವದ ಮಾತು ಅಲ್ಲಿಗೆ ನಿಂತಿತು. ಆದರೂ ಗಡ್ಡಮೀಸೆಯ ಎತ್ತರದ ಗಂಡಸರು ಯಾರಾದರೂ ಬಳಿಗೆ ಬಂದರೆ ಟೀಚರಮ್ಮ ಗೋಡೆಗೆ ಒತ್ತಿಕೊಳ್ಳುವುದು ನಿಲ್ಲಲಿಲ್ಲ. ವೈದ್ಯರ ಮುಂದೆಯೂ ಹಾಗೇ ಮಾಡಿದ್ದರು.

ಅಡುಗೆಮನೆಯಲ್ಲಿ ಕೇಳಿದ್ದು

ಪ್ರಕರಣದ ದಿಕ್ಕು ಬದಲಾದದ್ದು ಮನೆಯ ಹಿಂಬದಿಯಲ್ಲಿ. ನಾನು ಹೋದಾಗ ಸೊಸೆ ಕಡುಬಿಗೆ ಹಿಟ್ಟು ಕಟ್ಟುತ್ತಿದ್ದಳು. ಮಗ ತೋಟಕ್ಕೆ ಹೋಗಿದ್ದ. ಅವಳು ತಲೆ ಎತ್ತದೆ ಹೇಳಿದಳು: “ಆಂಟಿ, ಆವತ್ತು ಎಲ್ಲರೂ ಬೈದಿದ್ದನ್ನಷ್ಟೇ ಕೇಳಿಸಿಕೊಂಡರು. ಅದಕ್ಕೆ ಮುಂಚೆ ಮಾಂಯ್ (ಅತ್ತೆ) ಹೇಳಿದ್ದು, ಹೊಡೀಬೇಡಿ ಅಂತ. ಎರಡು ಸಲ. ನಾನು ಪಕ್ಕದಲ್ಲೇ ಇದ್ದೆನಲ್ಲ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳೋದು?”

ಬಚ್ಚಲ ಒಲೆಗೆ ಸೌದೆ ಇಡುತ್ತಿದ್ದ ಕೆಲಸದ ಹೆಂಗಸು ಅಲ್ಲಿಂದಲೇ ಮಾತು ಸೇರಿಸಿದಳು. “ಆ ಮೀಸೆಯವರು ಥೇಟ್ ನಮ್ಮ ಧಣೇರ ಹಂಗೆ ಕಾಣ್ತಾರೆ ಕಣ್ರಮ್ಮ. ಧಣೇರು ಹೊಡೆಯೋರು. ನಾ ಚಿಕ್ಕೋಳಿದ್ದಾಗಿಂದ ಕಂಡೀನಿ. ಬಾಯಿಗೆ ಬಟ್ಟೆ ತುರುಕಿ ಹೊಡೆಯೋರು, ಕೂಗು ಹೊರಗೆ ಹೋಗಬಾರದು ಅಂತ. ಬೆಳಗಾದ್ರೆ ಅಮ್ಮ ಸೀರೆ ಉಟ್ಕೊಂಡು ಚರ್ಚಿಗೆ ಹೋಗೋರು. ನಂಗೆ ಹೇಳಿದ್ರು, ಯಾರಿಗಾದ್ರೂ ಹೇಳಿದ್ರೆ ನನ್ನಾಣೆ ಅಂತ. ಹೇಳಿರ್ಲಿಲ್ಲ.”

ಅವಳು ಸೌದೆ ಒಳಗೆ ತಳ್ಳಿ ಊದುಗೊಳವೆಗೆ ಬಾಯಿ ಹಚ್ಚಿದಳು. ಸೊಸೆಯ ಕೈ ಹಿಟ್ಟಿನಲ್ಲಿ ನಿಂತುಬಿಟ್ಟಿತ್ತು.

ಬಾಯಿಗೆ ಏನನ್ನೋ ಇಡಲು ಬಗ್ಗಿದ ಎತ್ತರದ ಬಿಳಿಮೀಸೆಯ ಗಂಡಸು. ಎಲ್ಲರೂ ದೈವನಿಂದೆ ಎಂದುಕೊಂಡದ್ದು ಬಹುಶಃ ಭಯವಾಗಿತ್ತು. ಬಹುಶಃ ಎಂದೇ ಬರೆಯುತ್ತೇನೆ. ಈ ಕಾಯಿಲೆಯಲ್ಲಿ ಮೆದುಳು ಇಲ್ಲದ್ದನ್ನೂ ಕಟ್ಟುತ್ತದೆ, ಒಬ್ಬರನ್ನು ಇನ್ನೊಬ್ಬರೆಂದು ಎಣಿಸುತ್ತದೆ, ಆಡಬಾರದ್ದನ್ನು ತಡೆಯುವ ಭಾಗ ಸಡಿಲಾದಾಗ ಎಂದೂ ಆಡದ ಮಾತೂ ಹೊರಬರುತ್ತದೆ. ಅವರು ಆಡಿದ ಮಾತನ್ನೇ ಸಾಕ್ಷಿ ಎಂದು ಹಿಡಿಯಬೇಡಿ ಎಂದು ವೈದ್ಯರು ಎಚ್ಚರಿಸಿದ್ದರು. ಇಲ್ಲಿ ಕಣ್ಣಾರೆ ಕಂಡ ಇನ್ನೊಬ್ಬಳು ಇದ್ದಳು ಎಂಬುದರಿಂದ ಹೊಡೆತದ ವಿಷಯ ನಾನು ನಂಬುತ್ತೇನೆ. ಆ ಭಾನುವಾರ ಟೀಚರಮ್ಮನ ತಲೆಯೊಳಗೆ ಏನಿತ್ತು ಎಂಬುದು ಮಾತ್ರ ನಮ್ಮ ಊಹೆಯೇ.

ನನ್ನನ್ನು ಹೆಚ್ಚು ಕಲಕಿದ್ದು ಇದು. ಕಾಯಿಲೆಯ ಟೀಚರಮ್ಮನನ್ನು ನೋಡಿ ಧರ್ಮಕೇಂದ್ರ ತಪ್ಪು ತಿಳಿಯಿತು, ನಿಜ. ಅದಕ್ಕಿಂತ ಮುಂಚೆ, ಇಸ್ತ್ರಿ ಸೀರೆಯ, ಶಾಂತ ದನಿಯ ಟೀಚರಮ್ಮನನ್ನು ಮೂವತ್ತು ವರ್ಷ ನೋಡಿದಾಗಲೂ ಯಾರಿಗೂ ಏನೂ ತಿಳಿದಿರಲಿಲ್ಲ. ಎಷ್ಟು ಸಮಾಧಾನದ ಹೆಂಗಸು ಎಂದು ಎಲ್ಲರೂ ಹೊಗಳುತ್ತಿದ್ದೆವು.

ಆ ವಾರ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ವಿಷಯ ನೆನಪಿಸಿಕೊಂಡಳು. ಧರ್ಮೋಪದೇಶದಲ್ಲಿ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಿದ್ದ ಕಾಲ. ದೇವರಿಗೆ ಎಲ್ಲವೂ ತಿಳಿದಿದೆಯೇ ಎಂಬ ಪ್ರಶ್ನೆಗೆ, ಹೌದು, ನಮ್ಮ ಅತಿ ಗುಟ್ಟಿನ ಆಲೋಚನೆಗಳೂ ತಿಳಿದಿವೆ ಎಂಬುದು ಉತ್ತರ. ಬೇರೆ ಕಡೆ ಮಕ್ಕಳು ಅದನ್ನು ಹೆದರಿಕೊಂಡೇ ಕಲಿಯುತ್ತಿದ್ದರು. ಬೆಲ್ಲ ಕದ್ದದ್ದು ದೇವರಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ. ಟೀಚರಮ್ಮ ತಮ್ಮ ತರಗತಿಯಲ್ಲಿ ಉತ್ತರಕ್ಕೆ ಒಂದು ಸಾಲು ಸೇರಿಸುತ್ತಿದ್ದರಂತೆ: “ನಾವು ಯಾರಿಗೂ ಹೇಳದ ನೋವೂ ತಿಳಿದಿದೆ.” ಮಕ್ಕಳು ಅದನ್ನೂ ರಾಗವಾಗಿ ಹೇಳುತ್ತಿದ್ದರು. ಪುಸ್ತಕದಲ್ಲಿ ಆ ಸಾಲು ಇಲ್ಲವೆಂದು ಆ ಹುಡುಗಿಗೆ ಗೊತ್ತಾದದ್ದು ತಾನು ದೊಡ್ಡವಳಾಗಿ ಕಲಿಸಲು ಕೂತಾಗ.

ಕೊಡಬೇಕೆ, ಬೇಡವೆ

ಪಾಲನಾ ಪರಿಷತ್ತಿನ ಸಭೆಯಲ್ಲಿ ಗುರುಗಳು ಮನೆಯ ಒಳವಿಷಯ ಎತ್ತಲಿಲ್ಲ. ಕಾಯಿಲೆ ಮತ್ತು ನಿಯಮ, ಇವೆರಡನ್ನೇ ಮುಂದಿಟ್ಟರು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 912ನೇ ನಿಯಮದಂತೆ, ಕಾನೂನು ತಡೆಯದ ಯಾವ ದೀಕ್ಷಾಸ್ನಾನ ಪಡೆದವರಿಗೂ ಪರಮ ಪ್ರಸಾದ ನಿರಾಕರಿಸುವಂತಿಲ್ಲ. ತಡೆ ಇರುವುದು ಬಹಿರಂಗವಾಗಿ, ಹಟ ಹಿಡಿದು ಗಂಭೀರ ಪಾಪದಲ್ಲಿ ಮುಂದುವರಿಯುವವರಿಗೆ. ಅದು 915ನೇ ನಿಯಮ. ರೋಗಿ ಆ ಗುಂಪಿಗೆ ಸೇರುವುದೇ ಇಲ್ಲ. ಒಬ್ಬರು ಎದ್ದು, “ಮಕ್ಕಳಿಗೆ ತಿಳಿವಳಿಕೆ ಬರಲಿ ಅಂತ ಕಾಯ್ತೀವಿ. ಇವರಿಗೆ ತಿಳಿವಳಿಕೆಯೇ ಹೋಗಿದೆಯಲ್ಲ ಫಾದರ್?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಇದನ್ನು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಕೇಳಿಕೊಂಡಿದ್ದರು. ಬುದ್ಧಿ ಸ್ವಲ್ಪವಾದರೂ ಉಳಿದಿರುವವರಿಗೆ ನಿರಾಕರಿಸಬಾರದು. ಪೂರ್ತಿ ಕಳೆದುಕೊಂಡವರು ಬುದ್ಧಿ ನೆಟ್ಟಗಿದ್ದಾಗ ಈ ಸಂಸ್ಕಾರದ ಮೇಲೆ ಭಕ್ತಿ ತೋರಿಸಿದ್ದರೆ ಸಾಯುವ ಗಳಿಗೆಯಲ್ಲಿ ಅವರಿಗೂ ಕೊಡಬೇಕು, ಕಕ್ಕುವ ಅಥವಾ ಉಗುಳುವ ಅಪಾಯವಿದ್ದರೆ ಬೇಡ, ಎಂಬುದು ಅವರ ಉತ್ತರ. ಅಂದರೆ ಆ ಮನುಷ್ಯ ಇಷ್ಟು ದಿನ ನಂಬಿ ಬಾಳಿದ್ದು ಇವತ್ತಿನ ಲೆಕ್ಕಕ್ಕೂ ಬರುತ್ತದೆ.

ಉಗುಳುವ ಅಪಾಯ ನಮ್ಮಲ್ಲಿ ನಿಜವಾಗಿಯೂ ಇತ್ತು. ಹಾಗಾಗಿ ಮಾಡಿದ್ದು ಇಷ್ಟು. ಭಾನುವಾರದ ಗದ್ದಲದಲ್ಲಿ ಬೇಡ, ವಾರದ ದಿನ ಬೆಳಿಗ್ಗೆ ಮನೆಯಲ್ಲಿ. ಸಂಜೆ ಹೊತ್ತು ಬೇಡ. ಈ ಕಾಯಿಲೆಯವರಿಗೆ ಕತ್ತಲಾಗುತ್ತಿದ್ದಂತೆ ಗಾಬರಿ ಏರುತ್ತದೆ. ಕೊಡುವವರು ಹೆಂಗಸಾಗಿರಬೇಕು. ಎದುರು ನಿಂತು ಬಗ್ಗುವ ಬದಲು ಪಕ್ಕದಲ್ಲಿ ಕೂತು, ಅವರ ಕಣ್ಣಿನ ಮಟ್ಟದಲ್ಲಿ. ಮೊದಲು ಕೊಂಕಣಿಯಲ್ಲಿ ಪ್ರಾರ್ಥನೆ. ಅಪ್ಪದ ಚೂರು, ಬೇಳೆಯಷ್ಟು. ವಯಸ್ಸಾದವರಿಗೆ, ರೋಗಿಗಳಿಗೆ ಒಂದು ಗಂಟೆಯ ಉಪವಾಸದ ಕಟ್ಟಳೆ ಇಲ್ಲ. ನೀರಿಗಂತೂ ಆ ಕಟ್ಟಳೆ ಯಾರಿಗೂ ಇಲ್ಲ, ಹಾಗಾಗಿ ಮೊದಲೇ ಒಂದು ಗುಟುಕು ನೀರು ಕುಡಿಸಿ ಬಾಯಿ ಒದ್ದೆ ಮಾಡಬಹುದು. ಮುಂದೆ ನುಂಗುವುದು ಕಷ್ಟವಾದರೆ, 925ನೇ ನಿಯಮದಂತೆ ಅಗತ್ಯವಿದ್ದಾಗ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಕೊಡಲು ಅವಕಾಶವಿದೆ.

ಮೊದಲ ಸಲ ನಾನು ಕೂತಾಗ ಟೀಚರಮ್ಮ ನನ್ನ ಸೀರೆಯ ಅಂಚನ್ನೇ ಉಜ್ಜಿ ಉಜ್ಜಿ ನೋಡುತ್ತಿದ್ದರು. ಮರಿಯ ಮಾತೆಗೆ ಸಲ್ಲಿಸುವ ಕೊಂಕಣಿ ಪ್ರಾರ್ಥನೆಯನ್ನು ‘ನಮಾನ್ ಮರಿಯೆ’ ಎಂದು ಶುರು ಮಾಡಿದೆ. ಅವರು ಸುಮ್ಮನಿದ್ದರು. ಅರ್ಧಕ್ಕೆ ನಿಲ್ಲಿಸಿದೆ; ಜಪಸರ ಹೇಳುವಾಗ ಮೊದಲ ಅರ್ಧ ಒಬ್ಬರು, ಉಳಿದರ್ಧ ಮಿಕ್ಕವರು ಹೇಳುವುದು ವಾಡಿಕೆ. ನಾನು ನಿಲ್ಲಿಸಿದ್ದೇ ತಡ, ಉಳಿದರ್ಧ ಅವರ ಬಾಯಿಂದ ತಾನಾಗಿ ಬಂತು, ಒಂದು ಶಬ್ದವೂ ತಪ್ಪದೆ, ಟೀಚರ ಗತ್ತಿನಲ್ಲಿ. ಮುಗಿದ ಕೂಡಲೇ, ನೀನು ಯಾರ ಮನೆಯವಳು ಎಂದು ಕೇಳಿದರು. ಆಮೇಲೆ ಪ್ರಸಾದ ತೆಗೆದುಕೊಂಡರು.

ಗುರುಗಳು ಇನ್ನೊಂದು ದಿನ ಬಂದು ರೋಗಿಗಳ ಅಭ್ಯಂಗ ಸಂಸ್ಕಾರ ಕೊಟ್ಟರು. ಪ್ರಜ್ಞೆ ನೆಟ್ಟಗಿದ್ದಾಗ ಇದನ್ನು ಬಯಸುತ್ತಿದ್ದರು ಎನ್ನುವಂತಿದ್ದರೆ ಸಾಕು, ಈಗ ಬಾಯಿಬಿಟ್ಟು ಕೇಳಬೇಕಿಲ್ಲ. ಗುರುಗಳಿಗೆ ಮೀಸೆ ಇಲ್ಲದ್ದು ಆವತ್ತು ಅನುಕೂಲವೇ ಆಯಿತು. ಅವರು ನೆಲದ ಮೇಲೆ ಚಾಪೆಯಲ್ಲಿ ಕೂತು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿದರು.

ಮಗನ ಪ್ರಶ್ನೆ

ನಿಯಮದ ಪ್ರಶ್ನೆ ಬಗೆಹರಿಯಿತು. ಮಗನದು ಹಾಗೆ ಬಗೆಹರಿಯುವಂಥದ್ದಲ್ಲ. ಅವನು ಗುರುಗಳ ಮುಂದೆ ನೇರವಾಗಿ ಇಟ್ಟ: “ಮೊನ್ನೆ ಅಮ್ಮ ಶಿಲುಬೆ ನೋಡಿ, ಇದು ಯಾರು ಅಂತ ಕೇಳಿದ್ಳು ಫಾದರ್. ಯೇಸು ಯಾರು ಅಂತಲೇ ಗೊತ್ತಿಲ್ಲ ಅಂದ್ಮೇಲೆ ಅವಳ ವಿಶ್ವಾಸ ಎಲ್ಲಿ ಉಳೀತು? ಬಾಯಿ ಅಭ್ಯಾಸಕ್ಕೆ ಪ್ರಾರ್ಥನೆ ಹೇಳ್ತಾಳೆ, ಅಷ್ಟೇ ಅಲ್ವಾ?”

ಗುರುಗಳು ಬೈಬಲ್ ತೆಗೆದು ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿಸಿದರು. ಅಲ್ಲಿ ಪೌಲರು, ಈಗ ನೀವು ದೇವರನ್ನು ಅರಿತಿದ್ದೀರಿ ಎಂದು ಶುರುಮಾಡಿ, ನಡುವೆಯೇ ತಡೆದು, ದೇವರೇ ನಿಮ್ಮನ್ನು ಅರಿತಿದ್ದಾರೆ ಎನ್ನುವುದೇ ಸರಿ ಎಂಬ ಅರ್ಥದಲ್ಲಿ ತಮ್ಮ ಮಾತನ್ನು ತಿದ್ದಿಕೊಳ್ಳುತ್ತಾರೆ. ವಿಶ್ವಾಸವೆಂದರೆ ನಾವು ದೇವರನ್ನು ಹಿಡಿದುಕೊಂಡಿರುವುದು ಎಂದಷ್ಟೇ ತಿಳಿದರೆ, ಕೈ ಸಡಿಲಾದ ದಿನ ಎಲ್ಲ ಮುಗಿಯಬೇಕು. ನಿದ್ದೆಯಲ್ಲಿ, ಅರಿವಳಿಕೆಯಲ್ಲಿ, ಕೋಮಾದಲ್ಲಿ ಯಾರ ವಿಶ್ವಾಸ ಉಳಿಯುತ್ತದೆ? 139ನೇ ಕೀರ್ತನೆಯೂ ಇದನ್ನೇ ಹೇಳುತ್ತದೆ. ನಾನು ಕೂರುವುದು ಏಳುವುದು ನಿನಗೆ ಗೊತ್ತು, ಮಾತು ನಾಲಿಗೆಗೆ ಬರುವ ಮೊದಲೇ ಅದು ನಿನಗೆ ಗೊತ್ತು, ಕತ್ತಲು ಕೂಡ ನಿನಗೆ ಕತ್ತಲಲ್ಲ. ತಾಯಿಯ ಗರ್ಭದಲ್ಲಿ ಇನ್ನೂ ರೂಪುಗೊಳ್ಳದಿದ್ದ ನನ್ನನ್ನು ನಿನ್ನ ಕಣ್ಣು ಕಂಡಿತು ಎನ್ನುವಾಗ ಆ ಭ್ರೂಣಕ್ಕೆ ದೇವರ ಅರಿವು ಎಷ್ಟಿತ್ತು? ಒಂದಿಷ್ಟೂ ಇರಲಿಲ್ಲ. ಅರಿವೆಲ್ಲ ದೇವರ ಕಡೆಯದು.

ಮಗ ಬೇರೇನನ್ನೋ ಹುಡುಕುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಹಾಗಾದ್ರೆ ಅಪ್ಪನೂ ದೇವರಿಗೆ ಗೊತ್ತು.”

ಹೆಂಡತಿ ಅಡುಗೆಮನೆಯ ಮಾತನ್ನು ಅವನಿಗೆ ತಿಳಿಸಿದ್ದಳು. ಅವನಿಗೂ ಪೂರ್ತಿ ಹೊಸದಾಗಿರಲಿಲ್ಲ. ಹುಡುಗನಾಗಿದ್ದಾಗ ರಾತ್ರಿ ಶಬ್ದ ಕೇಳಿದ್ದ, ಬೆಳಿಗ್ಗೆ ಅಮ್ಮ ನಗುತ್ತಾ ಗಂಜಿ ಬಡಿಸಿದ್ದಳು, ಕನಸೆಂದುಕೊಂಡಿದ್ದ.

ದೇವರು ಹೃದಯ ನೋಡುತ್ತಾನೆ ಎಂಬ ಮಾತನ್ನು ನಾವು ಯಾವಾಗಲೂ ಸಮಾಧಾನಕ್ಕೇ ಬಳಸುತ್ತೇವೆ. ಸಮುವೇಲನು ಬೆತ್ಲೆಹೇಮಿಗೆ ಹೋದಾಗ ಜೆಸ್ಸೆಯನ ಹಿರಿಯ ಮಗ ಎಲೀಯಾಬನ ಎತ್ತರ, ನಿಲುವು ನೋಡಿ ಇವನೇ ಅರಸ ಎಂದುಕೊಂಡ, ದೇವರು ಒಪ್ಪಲಿಲ್ಲ. ಕುರಿ ಕಾಯ್ದುಕೊಂಡಿದ್ದ ದಾವೀದನನ್ನು ಆರಿಸಿದ ಎಂದು ಸಂತೋಷಪಟ್ಟು ಕತೆ ಮುಗಿಸುತ್ತೇವೆ. ಎತ್ತರದ ಎಲೀಯಾಬನೂ ಆವತ್ತು ನೋಡಲ್ಪಟ್ಟ ಎಂಬುದು ನೆನಪಾಗುವುದಿಲ್ಲ. ಮತ್ತಾಯನ 7ನೇ ಅಧ್ಯಾಯದಲ್ಲಿ ನಿನ್ನ ಹೆಸರಿನಲ್ಲಿ ದೊಡ್ಡ ದೊಡ್ಡ ಕೆಲಸ ಮಾಡಿದೆವು ಎನ್ನುವವರಿಗೆ ಯೇಸುಸ್ವಾಮಿ, ನಾನು ನಿಮ್ಮನ್ನು ಎಂದೂ ಅರಿತಿರಲಿಲ್ಲ ಎನ್ನುತ್ತಾರೆ. ಗಂಟೆಗೋಪುರ ಕಟ್ಟಿಸಿದ್ದು ಅಂಥ ದೊಡ್ಡ ಕೆಲಸಗಳ ಪಟ್ಟಿಗೇ ಸೇರುತ್ತದೆ.

ಗುರುಗಳು ಅಪ್ಪನ ಬಗ್ಗೆ ತೀರ್ಪು ಕೊಡಲಿಲ್ಲ. ತೀರಿಹೋದವರು ತಮ್ಮ ಪರವಾಗಿ ಮಾತಾಡಲಾರರು, ಅವರ ಕೊನೆಯ ಪಾಪನಿವೇದನೆಯಲ್ಲಿ ಏನಿತ್ತೋ ಯಾರಿಗೂ ತಿಳಿಯಬೇಕಾಗಿಲ್ಲ ಎಂದರು. ಅದನ್ನು ನಾನು ಒಪ್ಪುತ್ತೇನೆ. ಆದರೆ ಇದು ಮನೆಯೊಳಗಿನ ವಿಷಯ, ಮುಚ್ಚಿಡೋಣ ಎಂದು ಪರಿಷತ್ತಿನ ಒಬ್ಬರು ಆಮೇಲೆ ಹೇಳಿದ್ದನ್ನು ಒಪ್ಪುವುದಿಲ್ಲ. ಮುಚ್ಚಿಟ್ಟದ್ದರಿಂದಲೇ ಒಬ್ಬ ಹೆಂಗಸು ತನ್ನ ಹಳ್ಳಿಯ ನಡುವೆ, ತನ್ನ ಚರ್ಚಿನ ಎರಡನೇ ಬೆಂಚಿನಲ್ಲಿ ಅಷ್ಟು ವರ್ಷ ಒಂಟಿಯಾಗಿ ಕೂತಿದ್ದು. ದೇವರಿಗೆ ಗೊತ್ತಿತ್ತು ಎಂಬುದು ಅವರಿಗೆ ಆಧಾರವಾಗಿತ್ತೆಂದು ಅವರು ಸೇರಿಸಿದ ಆ ಒಂದು ಸಾಲಿನಿಂದ ನನಗೆ ತೋರುತ್ತದೆ. ಹಾಗೆಂದು ನಮಗೆ ಗೊತ್ತಿರಲಿಲ್ಲ ಎಂಬುದಕ್ಕೆ ಅದು ಕ್ಷಮೆಯಾಗದು.

ಈಗಿನ ಸ್ಥಿತಿ

ಟೀಚರಮ್ಮ ಈಗ ಹೆಚ್ಚು ನಡೆಯುವುದಿಲ್ಲ. ನುಂಗುವುದು ನಿಧಾನವಾಗಿದೆ, ಚಮಚೆಯ ತುದಿಯಲ್ಲಿ ದ್ರಾಕ್ಷಾರಸದ ಒಂದೆರಡು ಹನಿ ಕೊಡುತ್ತೇವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯ ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ಮಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿನ ಹಿಂಬಾಗಿಲವರೆಗೆ ಕರೆತಂದಿದ್ದ. ಆಶೀರ್ವದಿಸಿದ ಭತ್ತದ ತೆನೆ ಕೈಗಿಟ್ಟಾಗ ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡರು. ಬಿಳಿಮೀಸೆಯ ಹಿರಿಯರು ತಾವಾಗಿಯೇ ದೂರ ನಿಂತಿದ್ದರು. ಕಾರಣ ಅವರಿಗೆ ಪೂರ್ತಿ ತಿಳಿದಿಲ್ಲ; ತಿಳಿಸುವ ಅಗತ್ಯವೂ ಇಲ್ಲವೆಂದು ಮನೆಯವರ ಅಭಿಪ್ರಾಯ. ನನ್ನನ್ನು ನೋಡಿ ಹೆದರುತ್ತಾರೆ ಅಂದ್ರೆ ನಾನು ಮುಂದೆ ಬರೋದಿಲ್ಲ ಸಿಸ್ಟರ್ ಎಂದಷ್ಟೇ ಹೇಳಿದರು.

ಕೆಲಸದ ಹೆಂಗಸಿಗೆ ಆಣೆ ಮುರಿದೆನೆಂಬ ಕೊರಗು ಇತ್ತು. ಸೊಸೆ ಅವಳನ್ನು ಕರೆದು ಕೂರಿಸಿ ಮಾತಾಡಿದ್ದಾಳೆ. ಆ ಮನೆಯಲ್ಲಿ ಟೀಚರಮ್ಮನನ್ನು ನಿಜವಾಗಿ ಬಲ್ಲ ಮನುಷ್ಯಳೊಬ್ಬಳಿದ್ದರೆ ಅವಳೇ, ಮತ್ತು ಅವಳು ನಮ್ಮ ಸಭೆಯವಳಲ್ಲ ಎಂಬುದನ್ನು ನಾನು ಪಾಲನಾ ಪರಿಷತ್ತಿನಲ್ಲಿ ಗಟ್ಟಿಯಾಗಿಯೇ ಹೇಳಿದೆ.

ಧರ್ಮಕೇಂದ್ರದಲ್ಲಿ ಎರಡು ಬದಲಾವಣೆ ಆಗಿವೆ. ರೋಗಿಗಳ ಮನೆಗೆ ಹೋಗುವವರು ಮನೆಯ ಮಾತಿನಲ್ಲಿ ಪ್ರಾರ್ಥನೆ ಬಲ್ಲವರಾಗಿರಬೇಕೆಂದು ಕೊಂಕಣಿ, ತಮಿಳು, ಮಲಯಾಳಂ ಬಲ್ಲವರ ಹೆಸರು ಬರೆದಿಟ್ಟುಕೊಂಡಿದ್ದೇವೆ. ಮದುವೆಗೆ ಸಿದ್ಧರಾಗುವ ಜೋಡಿಗಳ ತರಗತಿಯಲ್ಲಿ ಮನೆಯೊಳಗಿನ ಹೊಡೆತದ ಬಗ್ಗೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಬಗ್ಗೆ ಒಬ್ಬ ವಕೀಲೆಯಿಂದ ಮಾತಾಡಿಸುತ್ತಿದ್ದೇವೆ. ಮೊದಲ ಸಲ ಕೆಲವರು ಮುಖ ತಿರುಗಿಸಿಕೊಂಡು ಕೂತಿದ್ದರು.

ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಮಗ ತಂದೆಯ ಸಮಾಧಿಗೆ ಹೋಗಲಿಲ್ಲ. ಮೊಮ್ಮಕ್ಕಳು ಹೋಗಿ ಮೇಣದಬತ್ತಿ ಹಚ್ಚಿ ಬಂದರು. ಗೋಪುರದ ಫಲಕ ತೆಗೆಸಲು ಅರ್ಜಿ ಕೊಡುತ್ತಾನೆಂದು ಊರಿನಲ್ಲಿ ಸುದ್ದಿಯಿತ್ತು. ಅರ್ಜಿ ಬಂದಿದೆ. ತೆಗೆಸಿ ಎಂದು ಅವನು ಬರೆದಿಲ್ಲ. ಗೋಪುರಕ್ಕೆ ಕೊಟ್ಟ ದುಡ್ಡಿನಲ್ಲಿ ಅಮ್ಮನ ಸಂಬಳವೂ ಇತ್ತು, ಅವಳ ಹೆಸರನ್ನೂ ಕೆತ್ತಿಸಿ ಎಂದಿದ್ದಾನೆ, ಜೊತೆಗೆ ಬ್ಯಾಂಕಿನ ಹಳೆಯ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿದ್ದಾನೆ. ಮುಂದಿನ ಪರಿಷತ್ತಿನ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ನಾನು ಅದರ ಪರವಾಗಿ ಮಾತಾಡುತ್ತೇನೆ.